ಹವಾಯಿಯ ಹಕ್ಕಿಗಳೂ ಚಳಿಜ್ವರವೂ



ಚಳಿಜ್ವರವೆಂದೊಡನೆ ನಮ್ಮ ನೆನಪಿಗೆ ಬರುವುದು ಮನುಷ್ಯನ ಕಾಯಿಲೆ. ಮಲೆನಾಡಿನ ಎಷ್ಟೋ ಊರುಗಳನ್ನು ಒಂದು ಕಾಲದಲ್ಲಿ ಹಾಳುಗೆಡವಿದ, ಕ್ವಿನೈನಿನ ಕಹಿಯನ್ನು ಮನೆಮನೆಗೂ ಪರಿಚಯ ಮಾಡಿಸಿದ ಮಲೇರಿಯಾದ ಸುದ್ದಿಯನ್ನು ಹಿರಿಯರ ಬಾಯಿಂದ ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಹಕ್ಕಿಗಳಿಗೂ ಚಳಿಜ್ವರವುಂಟೆಂಬುದು ಹೆಚ್ಚು ಮಂದಿಗೆ ತಿಳಿದ ಸಂಗತಿಯಲ್ಲ. ಅದರ ರೋಗಾಣು ಬೇರೆ. ಅದನ್ನು ಹರಡುವ ಸೊಳ್ಳೆಯೂ ಸಾಮಾನ್ಯವಾಗಿ ಬೇರೆ. ಹಕ್ಕಿಯ ಮಲೇರಿಯಾ ಮನುಷ್ಯನಿಗೆ ಅಂಟುವುದಿಲ್ಲ; ಮನುಷ್ಯನದು ಹಕ್ಕಿಗೆ ಅಂಟುವುದಿಲ್ಲ. ಆದುದರಿಂದ ಇಂದಿನ ಮಾತನ್ನು ಕೇಳಿ ಯಾರೂ ತಮ್ಮ ಮನೆಯ ಮಾಡಿನಲ್ಲಿ ಗೂಡು ಕಟ್ಟಿದ ಗುಬ್ಬಿಯನ್ನು ಅನುಮಾನದಿಂದ ನೋಡಬೇಕಾಗಿಲ್ಲ.

ನಾನು ಹೇಳಹೊರಟಿರುವುದು ಒಂದು ಸೊಳ್ಳೆಯ ಮತ್ತು ಒಂದು ರೋಗಾಣುವಿನ ವೃತ್ತಾಂತವನ್ನು. ಇವೆರಡೂ ನಮ್ಮ ದೇಶದಲ್ಲಿ ಬಹುಕಾಲದಿಂದ ಇವೆ. ಇಲ್ಲಿಯ ಯಾವ ಹಕ್ಕಿಯ ವಂಶವನ್ನೂ ಅವು ಅಳಿಸಿದ ದಾಖಲೆಯಿಲ್ಲ. ಅವೇ ಎರಡು ಪೆಸಿಫಿಕ್ ಮಹಾಸಾಗರದ ನಡುವಣ ಹವಾಯಿ ದ್ವೀಪಗಳನ್ನು ಸೇರಿದಾಗ, ಭೂಮಿಯಲ್ಲಿ ಬೇರೆಲ್ಲಿಯೂ ಇಲ್ಲದ ಹಕ್ಕಿಗಳ ಜಾತಿಗಳು ಒಂದರ ಹಿಂದೊಂದು ಇಲ್ಲವಾಗತೊಡಗಿದವು. ಇಲ್ಲಿ ಸಹ್ಯವಾದುದು ಅಲ್ಲಿ ಮಾರಕವಾದುದೇಕೆ? ಈ ಒಂದೇ ಪ್ರಶ್ನೆಯನ್ನು ಹಿಡಿದು ಸ್ವಲ್ಪ ದೂರ ನಡೆಯೋಣ.

ಮೊದಲು ಭಾರತದ ಕಡೆಯ ಕಥೆ. ಚಳಿಜ್ವರವನ್ನು ಸೊಳ್ಳೆ ಹರಡುವುದೆಂದು ತೋರಿಸಿಕೊಟ್ಟ ರೊನಾಲ್ಡ್ ರಾಸ್ ಹುಟ್ಟಿದುದು ಹಿಮಾಲಯದ ಆಲ್ಮೋರದಲ್ಲಿ, 1857ರಲ್ಲಿ. ಆತನು 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ತಾನಿದ್ದ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಅತಿಯಾಗಿರುವುದನ್ನು ಕಂಡು, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವುಗಳ ಮರಿಹುಳುಗಳು ತುಂಬಿರುವುದನ್ನು ಗುರುತಿಸಿ, ಆ ನೀರನ್ನು ಚೆಲ್ಲಿಸಿದೊಡನೆ ಕಾಟವು ತಗ್ಗಿದ ಸಂಗತಿಯನ್ನು ತನ್ನ ಆತ್ಮವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ನಿಂತ ನೀರಿನ ಒಂದು ಪಾತ್ರೆ. ಅದರೊಳಗೆ ಸೊಳ್ಳೆಯ ಸಂತತಿ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿರಿ. ಇಂಥದೇ ಇನ್ನೊಂದು ಪಾತ್ರೆ ನಮ್ಮ ಕಥೆಯಲ್ಲಿ ಮುಂದೆ ಬರಲಿದೆ.

1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ರಾಸನು ಸೊಳ್ಳೆಯ ಜಠರದ ಗೋಡೆಯಲ್ಲಿ ಮನುಷ್ಯನ ಮಲೇರಿಯಾದ ರೋಗಾಣುವನ್ನು ಕಂಡನು. ಕೆಲಸ ಅರ್ಧಕ್ಕೆ ಬಂದಿತ್ತು. ಮರುವರ್ಷ ಕಲ್ಕತ್ತೆಯಲ್ಲಿ ಅದನ್ನು ಮುಂದುವರಿಸಲು ಹೋದಾಗ ಅಲ್ಲಿ ಪ್ಲೇಗಿನ ಭೀತಿ ಆವರಿಸಿತ್ತು. ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಒಂದು ತೊಟ್ಟು ರಕ್ತ ಕೊಡಲು ಕೂಡ ಜನ ಹೆದರುತ್ತಿದ್ದರು. ಆಗ ಆತನು ಹಕ್ಕಿಗಳ ಕಡೆಗೆ ತಿರುಗಿದನು. ಪಾರಿವಾಳ, ಕಾಗೆ, ನೆಲಗುಬ್ಬಿ, ಊರಗುಬ್ಬಿ ಇವುಗಳನ್ನು ಪಂಜರದಲ್ಲಿಟ್ಟು, ಮಹಮ್ಮದ್ ಬಕ್ಷ್ ಎಂಬ ಸಹಾಯಕನ ನೆರವಿನಿಂದ ಸೊಳ್ಳೆಗಳನ್ನು ಸಾಕಿ, ಕಾಯಿಲೆಯ ಹಕ್ಕಿಯನ್ನು ಕಚ್ಚಿದ ಸೊಳ್ಳೆಯ ಒಡಲಿನಲ್ಲಿ ರೋಗಾಣು ಬೆಳೆಯುವ ಬಗೆಯನ್ನು ದಿನದಿನವೂ ಸೂಕ್ಷ್ಮದರ್ಶಕದಡಿಯಲ್ಲಿ ನೋಡುತ್ತ ಬಂದ ರಾಸನಿಗೆ, 1898ರ ಜುಲೈ ವೇಳೆಗೆ, ಆ ರೋಗಾಣುವು ಸೊಳ್ಳೆಯ ಜೊಲ್ಲಿನ ಗ್ರಂಥಿಯನ್ನು ಸೇರಿ, ಅಲ್ಲಿಂದ ಕಡಿತದ ಮೂಲಕ ಆರೋಗ್ಯವಂತ ಗುಬ್ಬಿಯ ರಕ್ತಕ್ಕೆ ಇಳಿಯುವುದು ನಿಸ್ಸಂದೇಹವಾಗಿ ಗೋಚರಿಸಿತು. ನಾಲ್ಕು ವರ್ಷದ ಮೇಲೆ ಆತನಿಗೆ ನೊಬೆಲ್ ಪಾರಿತೋಷಕ ಬಂದಿತು. ಮನುಷ್ಯನ ಮಹಾವ್ಯಾಧಿಯೊಂದರ ಗುಟ್ಟನ್ನು ನಮಗೆ ಬಿಟ್ಟುಕೊಟ್ಟವು ಕಲ್ಕತ್ತೆಯ ಗುಬ್ಬಿಗಳು. ಈ ಋಣವನ್ನು ನಾವು ಅಷ್ಟಾಗಿ ಸ್ಮರಿಸುವುದಿಲ್ಲ.

ಆ ಗುಬ್ಬಿಗಳ ರಕ್ತದಲ್ಲಿದ್ದ ರೋಗಾಣುವನ್ನು ಇಂದಿನ ವಿಜ್ಞಾನಿಗಳು ಪ್ಲಾಸ್ಮೋಡಿಯಂ ರೆಲಿಕ್ಟಂ ಎಂದು ಗುರುತಿಸುತ್ತಾರೆ. ರಾಸನು ಬೂದುಬಣ್ಣದ ಸೊಳ್ಳೆ ಎಂದು ಕರೆದುದು ಕ್ಯೂಲೆಕ್ಸ್ ವರ್ಗದ ಸೊಳ್ಳೆ. ಅದು ನಮಗೆ ಅಪರಿಚಿತವಲ್ಲ. ಚರಂಡಿಯಲ್ಲಿ, ಬಚ್ಚಲ ಗುಂಡಿಯಲ್ಲಿ, ಹಿತ್ತಲ ಒಡಕು ಮಡಕೆಯಲ್ಲಿ ಹುಟ್ಟಿ, ಕತ್ತಲಾದ ಮೇಲೆ ಕಿವಿಯ ಬಳಿ ಗುಂಯ್‌ಗುಟ್ಟುವ ಸೊಳ್ಳೆಯೇ ಅದು. ಮಂಗಳೂರು ಉಡುಪಿಗಳ ಕರಾವಳಿಯಲ್ಲಿ, ಬೀದರ ಕಲಬುರಗಿಗಳ ಕಡೆಯಲ್ಲಿ ಆನೆಕಾಲು ರೋಗವನ್ನು ಹರಡಿದುದೂ ಅದೇ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪಂಜರದಲ್ಲಿ ಹಲವು ಸೊಳ್ಳೆಗಳು ಒಟ್ಟಿಗೆ ಕಚ್ಚಿದರೆ ಗುಬ್ಬಿಯೂ ಸಾಯುವುದುಂಟು. ಆದರೆ ಬಯಲಿನಲ್ಲಿ, ಭೂಖಂಡಗಳ ಹಕ್ಕಿಗಳಲ್ಲಿ, ಸಾಮಾನ್ಯವಾಗಿ ಹಾಗಾಗುವುದಿಲ್ಲ. ಹಕ್ಕಿಗೆ ಕೆಲವು ದಿನ ಕಾಯಿಲೆಯಾಗುತ್ತದೆ. ಅನಂತರ ಅದು ಚೇತರಿಸಿಕೊಳ್ಳುತ್ತದೆ. ರೋಗಾಣು ಅಲ್ಪಸಂಖ್ಯೆಯಲ್ಲಿ ರಕ್ತದಲ್ಲಿಯೇ ಉಳಿದು, ಹಕ್ಕಿ ಬದುಕಿರುವವರೆಗೂ ಅದರ ಜೊತೆಯಲ್ಲಿ ಬದುಕುತ್ತದೆ. ಸಾವಿರಾರು ತಲೆಮಾರುಗಳ ಸಹವಾಸದಿಂದ ಹುಟ್ಟಿದ ಒಂದು ಒಡಂಬಡಿಕೆ ಅದು. ಸೋಂಕನ್ನು ತಡೆಯಲಾರದ ಹಕ್ಕಿಗಳ ಸಂತಾನ ಎಂದೋ ಅಳಿದು, ತಡೆಯಬಲ್ಲವುಗಳ ಸಂತಾನವಷ್ಟೇ ಉಳಿದಿರುವುದರ ಫಲ ಅದು.

ಇಷ್ಟು ಭಾರತದ ಮಾತಾಯಿತು. ರೋಗಾಣು, ಸೊಳ್ಳೆ, ಹಕ್ಕಿ ಮೂರೂ ಒಂದನ್ನೊಂದು ಬಲ್ಲ ನೆಲ ನಮ್ಮದು. ಇನ್ನು ಇವುಗಳಲ್ಲಿ ಎರಡನ್ನು ಎಂದೂ ಕಾಣದಿದ್ದ ನೆಲಕ್ಕೆ ಹೋಗೋಣ.

ಭೂಪಟವು ಎದುರಿಗಿಲ್ಲದ ಶ್ರೋತೃಗಳು ಮನಸ್ಸಿನಲ್ಲಿ ಹೀಗೆ ಕಲ್ಪಿಸಿಕೊಳ್ಳಬೇಕು. ಅಮೆರಿಕದ ಪಶ್ಚಿಮ ತೀರದಿಂದ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ದೂರ. ಸುತ್ತಲೂ ಬರಿಯ ನೀರು. ಆ ನೀರಿನ ನಡುವೆ ಜ್ವಾಲಾಮುಖಿಗಳು ಉಗುಳಿದ ಕಲ್ಲಿನಿಂದ ಎದ್ದುನಿಂತ ದ್ವೀಪಗಳ ಸಾಲು. ಒಂದೊಂದು ದ್ವೀಪವೂ ಒಂದೊಂದು ಪರ್ವತ. ಅವುಗಳಲ್ಲಿ ಅತಿ ದೊಡ್ಡದರ ಶಿಖರ ಸುಮಾರು 4,200 ಮೀಟರ್ ಎತ್ತರ. ಅತಿ ಹಳೆಯವುಗಳಲ್ಲಿ ಒಂದಾದ ಕವಾಯಿಯ ಶಿಖರ ಸುಮಾರು 1,600 ಮೀಟರ್. ಬುಡದಲ್ಲಿ ಸೆಕೆ, ನೆತ್ತಿಯಲ್ಲಿ ಚಳಿ. ನಡುವೆ ಮಳೆಯ ಕಾಡು. ಆ ಕಾಡಿನ ಮುಖ್ಯ ಮರ ಓಹಿಯಾ. ಅದರ ಕೆಂಪು ಹೂವಿನಲ್ಲಿ ದಳಕ್ಕಿಂತ ಕೇಸರವೇ ಹೆಚ್ಚು, ಹೂವಿನ ಒಡಲಲ್ಲಿ ಮಕರಂದ ಸಮೃದ್ಧ.

ಬೀಜ ತಿನ್ನುವ, ಗುಬ್ಬಿಯ ಗಾತ್ರದ ಫಿಂಚ್ ಎಂಬ ಹಕ್ಕಿಗಳ ಒಂದು ಗುಂಪು, ಐವತ್ತು ಅರುವತ್ತು ಲಕ್ಷ ವರ್ಷಗಳಷ್ಟು ಹಿಂದೆ, ಹೇಗೋ ಈ ದ್ವೀಪಮಾಲೆಯನ್ನು ಸೇರಿತು. ಬಿರುಗಾಳಿಯೇ ಹೊತ್ತು ತಂದಿರಬೇಕು. ಅಲ್ಲಿ ಪೈಪೋಟಿಗೆ ಬರುವ ಹಕ್ಕಿಗಳು ಕಡಮೆ. ತಿನ್ನಲು ಬೀಜವುಂಟು, ಹುಳುವುಂಟು, ಮಧುವುಂಟು. ಆ ಒಂದು ವಂಶ ಕವಲೊಡೆದು, ಒಂದೊಂದು ಕವಲೂ ಒಂದೊಂದು ಆಹಾರಕ್ಕೆ ಹೊಂದಿಕೊಂಡು, ಕಾಲಕ್ರಮದಲ್ಲಿ ಐವತ್ತಕ್ಕೂ ಹೆಚ್ಚು ಜಾತಿಗಳಾದವು. ಇಂಗ್ಲಿಷಿನವರು ಇವನ್ನು ಹನಿಕ್ರೀಪರ್ ಎನ್ನುತ್ತಾರೆ. ಈ ಭಾಷಣದ ಮಟ್ಟಿಗೆ ನಾನು ಮಧುಪಕ್ಷಿಗಳೆನ್ನುತ್ತೇನೆ. ಇವುಗಳಲ್ಲಿ ಈಈವಿ ಎಂಬುದರ ಮೈ ಉಜ್ಜ್ವಲವಾದ ಕೆಂಪು, ರೆಕ್ಕೆ ಕಪ್ಪು, ಕೆಳಕ್ಕೆ ಬಾಗಿದ ನೀಳವಾದ ಕೊಕ್ಕು ನಸುಗೆಂಪು. ಆ ಕೊಕ್ಕಿನ ಬಾಗು ಅಲ್ಲಿಯ ಕೆಲವು ಗಿಡಗಳ ಹೂವಿನ ನಳಿಗೆಯ ಬಾಗಿಗೆ ಹೊಂದುತ್ತದೆ. ಅಕಿಯಪೋಲಾವು ಎಂಬ ಇನ್ನೊಂದಕ್ಕೆ ಕೆಳಗಿನ ಕೊಕ್ಕು ಮೋಟು ಮತ್ತು ನೇರ, ಮೇಲಿನ ಕೊಕ್ಕು ಉದ್ದ ಮತ್ತು ಬಾಗು. ಕೆಳಗಿನದರಿಂದ ತೊಗಟೆಯನ್ನು ಕುಟ್ಟಿ, ಮೇಲಿನದರಿಂದ ಒಳಗಿನ ಹುಳುವನ್ನು ಎಳೆಯುತ್ತದೆ. ಒಂದೇ ತಾಯಿಬೇರಿನಿಂದ ಇಷ್ಟು ವೈವಿಧ್ಯ ಹುಟ್ಟಿದ ಉದಾಹರಣೆ ಪಕ್ಷಿಲೋಕದಲ್ಲಿ ಅತಿ ವಿರಳ.

ಲಕ್ಷಾಂತರ ವರ್ಷ ಈ ಹಕ್ಕಿಗಳು ಅರಿಯದಿದ್ದುದು ಒಂದುಂಟು. ಅದು ಸೊಳ್ಳೆ. ಹವಾಯಿಯಲ್ಲಿ ಸೊಳ್ಳೆಯೆಂಬ ಜೀವಿಯೇ ಇರಲಿಲ್ಲ.

ಅದು ಬಂದುದು ಹೇಗೆಂಬುದಕ್ಕೆ ಕ್ರೈಸ್ತ ಪಾದ್ರಿಗಳ ಕಾಲದಿಂದ ಉಳಿದುಬಂದ ಒಂದು ವೃತ್ತಾಂತವಿದೆ. ಕ್ಯಾಪ್ಟನ್ ಕುಕ್ಕನು ಈ ದ್ವೀಪಗಳನ್ನು ಮುಟ್ಟಿದುದು 1778ರಲ್ಲಿ. ಅಲ್ಲಿಂದ ಐವತ್ತು ವರ್ಷ ತುಂಬುವುದರೊಳಗೆ, 1826ರಲ್ಲಿ, ವೆಲಿಂಗ್‌ಟನ್ ಎಂಬ ಹಡಗು ಮೆಕ್ಸಿಕೋದ ಸಾನ್ ಬ್ಲಾಸ್ ಬಂದರಿನಿಂದ ಹೊರಟು ಮಾವಿ ದ್ವೀಪದ ಲಹೈನಾಕ್ಕೆ ಬಂದು ಲಂಗರು ಹಾಕಿತು. ಸಿಹಿನೀರನ್ನು ತುಂಬಿಕೊಳ್ಳಬೇಕಾಗಿತ್ತು. ನಾವಿಕರು ಪೀಪಾಯಿಗಳನ್ನು ದಡಕ್ಕೆ ಉರುಳಿಸಿ, ಅವುಗಳ ತಳದಲ್ಲಿ ಉಳಿದಿದ್ದ ಹಳೆಯ ನೀರನ್ನು ಅಲ್ಲಿಯ ಹೊಳೆಗೆ ಚೆಲ್ಲಿದರು. ಆ ನೀರಿನಲ್ಲಿ ಕ್ಯೂಲೆಕ್ಸ್ ಸೊಳ್ಳೆಯ ಮರಿಹುಳುಗಳಿದ್ದವು. ಕೆಲವು ಕಾಲದ ಮೇಲೆ ಅಲ್ಲಿಯ ನಿವಾಸಿಗಳು ಪಾದ್ರಿಗಳ ಬಳಿಗೆ ಬಂದು, ಕಿವಿಯ ಬಳಿ ಹಾಡುವ ಹೊಸದೊಂದು ನೊಣ ಬಂದಿದೆಯೆಂದು ಹೇಳಿದರಂತೆ. ಸೊಳ್ಳೆಗೆ ಅವರ ಭಾಷೆಯಲ್ಲಿ ಹೆಸರಿರಲಿಲ್ಲ.

ಬೆಂಗಳೂರಿನ ತೊಟ್ಟಿಯ ನೀರನ್ನು ರಾಸನು ಚೆಲ್ಲಿಸಿದನು. ಅದರಿಂದ ಸೊಳ್ಳೆಯ ಕಾಟ ತಗ್ಗಿತು. ಲಹೈನಾದ ಪೀಪಾಯಿಯ ನೀರನ್ನು ಚೆಲ್ಲಿದುದು ಹರಿಯುವ ಹೊಳೆಗೆ. ಅದರಿಂದ ಸೊಳ್ಳೆ ಒಂದು ದ್ವೀಪಮಾಲೆಯನ್ನೇ ಆಕ್ರಮಿಸಿತು. ಚೆಲ್ಲಿದವರಿಗೆ ದುರುದ್ದೇಶವಿರಲಿಲ್ಲ. ಸೊಳ್ಳೆಗೂ ರೋಗಕ್ಕೂ ಸಂಬಂಧವುಂಟೆಂದು ಆಗ ಪ್ರಪಂಚದಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವರನ್ನು ದೂಷಿಸುವುದು ನ್ಯಾಯವಲ್ಲ. ಆದರೆ ನಡೆದುದರ ಗುರುತ್ವವನ್ನು ಅರಿಯದೆ ಇರುವುದೂ ಸರಿಯಲ್ಲ.

ಇದುವರೆಗೆ ಸೊಳ್ಳೆ ಬಂದಿತು. ರೋಗಾಣು ಇನ್ನೂ ಬಂದಿಲ್ಲ. ಅದು ಬಂದ ಬಗೆಯನ್ನು ಈಗ ಕೇಳಿರಿ.

ಊರುಗಳು ಬೆಳೆದವು, ಕಬ್ಬಿನ ತೋಟಗಳೆದ್ದವು, ಬೆಟ್ಟದ ಬುಡದ ಕಾಡು ಕಡಿದುಹೋಯಿತು. ಇಲಿ, ಬೆಕ್ಕು, ಹಂದಿ, ದನಗಳು ನುಗ್ಗಿದವು. ಹಕ್ಕಿಗಳ ಅವನತಿಗೆ ಇವೂ ಕಾರಣಗಳೇ. ರೋಗವೊಂದರ ಮೇಲೆಯೇ ಎಲ್ಲ ಹೊರೆಯನ್ನೂ ಹೊರಿಸುವುದು ತಪ್ಪು. ವಲಸೆ ಬಂದವರು ತಮ್ಮ ತಮ್ಮ ದೇಶಗಳ ಕೋಳಿಗಳನ್ನೂ ಹಾಡುವ ಹಕ್ಕಿಗಳನ್ನೂ ತರಿಸಿದರು. ಬೆಳೆಯ ಹುಳುಗಳನ್ನು ತಿನ್ನಲೆಂದು 1865ರ ಸುಮಾರಿಗೆ ನಮ್ಮ ಗೊರವಂಕವನ್ನು ಕೂಡ ಭಾರತದಿಂದ ಅಲ್ಲಿಗೆ ಒಯ್ದು ಬಿಟ್ಟರು. ಇಂದು ಅದು ಅಲ್ಲಿಯ ಬೀದಿಬೀದಿಗಳಲ್ಲಿ ಇಲ್ಲಿಯಂತೆಯೇ ಓಡಾಡಿಕೊಂಡಿದೆ. ಹೀಗೆ ತಂದ ಹಕ್ಕಿಗಳ ಮೈಯಲ್ಲಿ ಮೊದಲು ಹಕ್ಕಿಸಿಡುಬಿನ ವಿಷಾಣು, ಅನಂತರ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮಲೇರಿಯಾದ ರೋಗಾಣು ದ್ವೀಪಗಳನ್ನು ಸೇರಿದವೆಂದು ವಿದ್ವಾಂಸರ ಅಭಿಪ್ರಾಯ. ಯಾವ ಹಕ್ಕಿ ಯಾವ ವರ್ಷ ತಂದಿತೆಂದು ಬೆರಳಿಟ್ಟು ತೋರಿಸುವುದು ಸಾಧ್ಯವಿಲ್ಲ. ಹೊರಗಿನಿಂದ ಬಂದ ಹಕ್ಕಿಗೆ ಅದು ಹಳೆಯ ಪರಿಚಯದ ಕಾಯಿಲೆ. ಅದನ್ನು ಮೈಯಲ್ಲಿ ಹೊತ್ತುಕೊಂಡೇ ಅದು ಆರೋಗ್ಯವಾಗಿರಬಲ್ಲುದು. ರೋಗಾಣುವಿಗೆ ಇದಕ್ಕಿಂತ ಅನುಕೂಲವಾದ ವಾಹನವಿಲ್ಲ. ಸೊಳ್ಳೆಯಂತೂ ಮೊದಲೇ ಸಿದ್ಧವಾಗಿತ್ತು.

ಮಧುಪಕ್ಷಿಯ ಮೈಯಲ್ಲಿ ಈ ರೋಗ ಮಾಡುವುದೇನು? ಸೊಳ್ಳೆ ಕಚ್ಚಿದ ಕೆಲವು ದಿನಗಳಲ್ಲಿ ರೋಗಾಣು ಕೆಂಪು ರಕ್ತಕಣಗಳನ್ನು ಹೊಕ್ಕು, ಅವುಗಳೊಳಗೆ ಬೆಳೆದು, ಅವನ್ನು ಒಡೆದು ಹೊರಬಂದು ಮತ್ತೆ ಹೊಸ ಕಣಗಳನ್ನು ಹೊಗುತ್ತದೆ. ರಕ್ತ ನೀರಾಗುತ್ತದೆ. ಯಕೃತ್ತೂ ಗುಲ್ಮವೂ ಊದಿಕೊಳ್ಳುತ್ತವೆ. ಹಕ್ಕಿ ಆಹಾರವನ್ನು ಬಿಡುತ್ತದೆ, ಗರಿಗಳನ್ನು ಕೆದರಿಕೊಂಡು ಕೊಂಬೆಯ ಮೇಲೆ ಮಂಕಾಗಿ ಕೂರುತ್ತದೆ, ಕಡೆಗೆ ನೆಲಕ್ಕೆ ಬೀಳುತ್ತದೆ. 1990ರ ದಶಕದಲ್ಲಿ ಕಾರ್ಟರ್ ಅಟ್ಕಿನ್‌ಸನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಸೋಂಕುಳ್ಳ ಒಂದೇ ಒಂದು ಸೊಳ್ಳೆಯಿಂದ ಕಚ್ಚಿಸಿಕೊಂಡ ಈಈವಿ ಹಕ್ಕಿಗಳಲ್ಲಿ ಹತ್ತಕ್ಕೆ ಒಂಬತ್ತು ಸತ್ತವು. ಒಂದು ಕಡಿತ ಸಾಕಾಯಿತು.

ಈಗ ಒಮ್ಮೆ ಹಿಂತಿರುಗಿ ನೋಡೋಣ. ಸೊಳ್ಳೆ ಹಡಗಿನಲ್ಲಿ ಬಂದಿತು. ರೋಗಾಣು ಪರದೇಶದ ಹಕ್ಕಿಗಳಲ್ಲಿ ಬಂದಿತು. ಎರಡನ್ನೂ ಕಾಣದಿದ್ದ ಮಧುಪಕ್ಷಿಗಳ ರಕ್ತಕ್ಕೆ ಅವನ್ನು ಎದುರಿಸುವ ಅಭ್ಯಾಸವಿರಲಿಲ್ಲ. ಆದರೆ ಇದೆಲ್ಲವೂ ನಮಗೆ ತಿಳಿದುದು ಬಹು ತಡವಾಗಿ. ತಿಳಿದ ಬಗೆಯೂ ಸ್ವಾರಸ್ಯವಾಗಿದೆ.

1890ರ ದಶಕದಲ್ಲಿ ಪರ್ಕಿನ್ಸ್ ಎಂಬ ಇಂಗ್ಲಿಷ್ ಪ್ರಕೃತಿಶಾಸ್ತ್ರಜ್ಞನು ದ್ವೀಪದಿಂದ ದ್ವೀಪಕ್ಕೆ ಅಲೆಯುತ್ತ, ಕೆಲವು ಹಕ್ಕಿಗಳ ಕಾಲಿನಲ್ಲಿಯೂ ಮುಖದಲ್ಲಿಯೂ ಗಂಟುಗಳೆದ್ದಿರುವುದನ್ನು ಕಂಡನು; ಅದು ಸಿಡುಬು. ಅದಕ್ಕಿಂತಲೂ ವಿಸ್ಮಯಕರವಾದುದೆಂದರೆ, ಮರಗಳು ಇನ್ನೂ ನಿಂತಿರುವ, ಹೂ ಬಿಡುತ್ತಿರುವ ಕಾಡುಗಳಲ್ಲಿ ಕೂಡ, ಬೆಟ್ಟದ ಕೆಳಭಾಗದಲ್ಲಿ, ದೇಶೀಯ ಹಕ್ಕಿಗಳು ಕಾಣೆಯಾಗುತ್ತ ಬಂದುದು. ಆಹಾರವುಂಟು, ಆಶ್ರಯವುಂಟು, ಹಕ್ಕಿಯಿಲ್ಲ. ಕಾಡು ಕಡಿದುದರಿಂದ ಹೀಗಾಯಿತೆಂದು ಹೇಳುವಂತಿರಲಿಲ್ಲ.

ಈ ಒಗಟನ್ನು ಬಿಡಿಸಿದವನು ರಿಚರ್ಡ್ ವಾರ್ನರ್. ಆತನ ಪ್ರಯೋಗ ಎಷ್ಟು ಸರಳವೆಂದರೆ, ಯಾವ ಶಾಲೆಯ ಮಕ್ಕಳಿಗಾದರೂ ಅದನ್ನು ವಿವರಿಸಿ ಹೇಳಬಹುದು. ಸೊಳ್ಳೆಯಿಲ್ಲದ ಲೈಸಾನ್ ಎಂಬ ದೂರದ ಪುಟ್ಟ ದ್ವೀಪದ ಹಕ್ಕಿಗಳನ್ನೂ, ಕವಾಯಿಯ ಎತ್ತರದ ಕಾಡಿನ ಮಧುಪಕ್ಷಿಗಳನ್ನೂ ಆತನು ತಗ್ಗಿನ ಪ್ರದೇಶಕ್ಕೆ ತಂದು ಪಂಜರಗಳಲ್ಲಿಟ್ಟನು. ಕೆಲವು ಪಂಜರಗಳಿಗೆ ಸೊಳ್ಳೆ ನುಸುಳಲಾರದ ತೆಳುಬಟ್ಟೆಯನ್ನು ಹೊದಿಸಿದನು. ಕೆಲವನ್ನು ತೆರೆದೇ ಬಿಟ್ಟನು. ನೀರು ಒಂದೇ, ಆಹಾರ ಒಂದೇ, ಗಾಳಿಯೂ ಒಂದೇ. ಬಟ್ಟೆ ಹೊದಿಸಿದ ಪಂಜರದ ಹಕ್ಕಿಗಳು ಬದುಕಿದವು. ತೆರೆದ ಪಂಜರದವು ಕೆಲವೇ ವಾರಗಳಲ್ಲಿ ಸಿಡುಬಿನಿಂದಲೂ ಮಲೇರಿಯಾದಿಂದಲೂ ಸತ್ತವು. ಆತನು ಇನ್ನೊಂದನ್ನೂ ಗಮನಿಸಿದನು. ಪರದೇಶದಿಂದ ಬಂದ ಹಕ್ಕಿಗಳು ರಾತ್ರಿ ಮಲಗುವಾಗ ಮುಖವನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿ, ಕಾಲನ್ನು ಹೊಟ್ಟೆಯ ಗರಿಯಲ್ಲಿ ಮರೆಸಿಕೊಳ್ಳುತ್ತಿದ್ದವು. ಲೈಸಾನಿನ ಹಕ್ಕಿಗಳು ಮುಖವನ್ನೂ ಕಾಲನ್ನೂ ತೆರೆದುಕೊಂಡೇ ನಿದ್ರಿಸುತ್ತಿದ್ದವು. ಸೊಳ್ಳೆಯಿಲ್ಲದ ಲೋಕದಲ್ಲಿ ಮುಖ ಮುಚ್ಚಿಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲ. ಈ ಎಲ್ಲವನ್ನೂ ಆತನು 1968ರಲ್ಲಿ ಪ್ರಕಟಿಸಿದನು. ತೆಳುಬಟ್ಟೆಯ ಒಂದು ತುಂಡು ಅಷ್ಟು ದೊಡ್ಡ ರಹಸ್ಯವನ್ನು ಹೊರಗೆಡಹಿದುದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಗೌರವದಿಂದ ತುಂಬುತ್ತದೆ.

ಸೊಳ್ಳೆಯೇ ಕಾರಣವೆಂಬುದು ಹೀಗೆ ಸಿದ್ಧವಾಯಿತು. ಹಾಗಾದರೆ ಎಲ್ಲ ಮಧುಪಕ್ಷಿಗಳೂ ಏಕೆ ಅಳಿಯಲಿಲ್ಲ? ಇದಕ್ಕೆ ಉತ್ತರ ಪರ್ವತದ ಎತ್ತರದಲ್ಲಿದೆ.

ಸೊಳ್ಳೆ ಶೀತವನ್ನು ಸಹಿಸದು. ಅದಕ್ಕಿಂತ ಮುಖ್ಯವಾಗಿ, ಸೊಳ್ಳೆಯ ಒಡಲಿನೊಳಗಿನ ರೋಗಾಣು ಶೀತದಲ್ಲಿ ಬೆಳೆಯದು. ಉಷ್ಣಮಾನ ಸುಮಾರು ಹದಿಮೂರು ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅದರ ಬೆಳವಣಿಗೆ ನಿಂತುಬಿಡುತ್ತದೆ. ಆದುದರಿಂದ ಹವಾಯಿಯ ಬೆಟ್ಟಗಳಲ್ಲಿ ಸುಮಾರು 1,500 ಮೀಟರಿನ ಎತ್ತರದಲ್ಲಿ ಕಣ್ಣಿಗೆ ಕಾಣದ ಒಂದು ಗೆರೆಯುಂಟು. ಅದರ ಕೆಳಗೆ ರೋಗ; ಮೇಲೆ ಅಭಯ. ಚಾರ್ಲ್ಸ್ ವಾನ್ ರೈಪರ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೋಂಕು ಅತ್ಯಧಿಕವಾಗಿ ಕಂಡುದು ಬೆಟ್ಟದ ನಡುಭಾಗದಲ್ಲಿ. ಕಾರಣ ಸ್ಪಷ್ಟವಾಗಿದೆ. ಕೆಳಗೆ ಸೊಳ್ಳೆ ಹೆಚ್ಚು, ಹಕ್ಕಿ ಕಡಮೆ. ಮೇಲೆ ಹಕ್ಕಿ ಹೆಚ್ಚು, ಸೊಳ್ಳೆ ಕಡಮೆ. ಎರಡೂ ಸಂಧಿಸುವುದು ನಡುವೆ.

ಹಕ್ಕಿಗಳು ಮೇಲೆಯೇ ಇದ್ದುಬಿಡಬಾರದೇ ಎಂದು ನೀವು ಕೇಳಬಹುದು. ಓಹಿಯಾ ಮರ ಎಲ್ಲ ಎತ್ತರದಲ್ಲಿಯೂ ಒಂದೇ ಕಾಲಕ್ಕೆ ಹೂ ಬಿಡುವುದಿಲ್ಲ. ಮೇಲೆ ಹೂ ಮುಗಿದಾಗ ಕೆಳಗೆ ಬಿಟ್ಟಿರುತ್ತದೆ. ಈಈವಿಯ ರೆಕ್ಕೆಗೆ ಬಲವುಂಟು. ಮಕರಂದವನ್ನು ಅರಸಿ ಅದು ಕಿಲೋಮೀಟರುಗಟ್ಟಲೆ ಇಳಿಜಾರನ್ನು ಹಿಡಿದು ಕೆಳಗೆ ಹೋಗುತ್ತದೆ. ಅದರ ಪೂರ್ವಜರು ಲಕ್ಷಾಂತರ ವರ್ಷ ಮಾಡಿದ ಪ್ರಯಾಣ ಅದು. ಆ ಪ್ರಯಾಣವೇ ಈಗ ಅದನ್ನು ರೋಗದ ಬಾಯಿಗೆ ಒಯ್ಯುತ್ತಿದೆ.

ನಡುಕಾಡಿನಲ್ಲಿ ಸೊಳ್ಳೆಗೆ ನಿಂತ ನೀರು ಎಲ್ಲಿಯದು? ಆ ನೆಲ ಜ್ವಾಲಾಮುಖಿಯ ಕಲ್ಲು; ನೀರು ಬೇಗ ಇಂಗಿಹೋಗುತ್ತದೆ. ಇಲ್ಲಿ ಕಾಡುಹಂದಿಯ ಪಾತ್ರವುಂಟು. ಅಲ್ಲಿ ಹಾಪುಉ ಎಂಬ ಜರೀಗಿಡ ಆಳೆತ್ತರವನ್ನೂ ಮೀರಿ ಮರವಾಗಿಯೇ ಬೆಳೆಯುತ್ತದೆ. ಅದರ ಕಾಂಡದೊಳಗೆ ಪಿಷ್ಟ ತುಂಬಿರುತ್ತದೆ. ಊರಿನಿಂದ ತಪ್ಪಿಸಿಕೊಂಡು ಕಾಡು ಸೇರಿದ ಹಂದಿಗಳು ಆ ಕಾಂಡವನ್ನು ಕೆಡವಿ, ತಿರುಳನ್ನು ತಿಂದು, ಒರಳಿನಂತೆ ಟೊಳ್ಳು ಮಾಡಿ ಬಿಟ್ಟುಹೋಗುತ್ತವೆ. ಮಳೆ ಬಂದಾಗ ಅದು ತುಂಬಿಕೊಳ್ಳುತ್ತದೆ. ಹಂದಿ ಅಗೆದ ಒಂದೊಂದು ಕಾಂಡವೂ ಸೊಳ್ಳೆಗಳ ಒಂದೊಂದು ತೊಟ್ಟಿಲಾಗುತ್ತದೆ. ಹಂದಿ ಹಕ್ಕಿಯನ್ನು ಮುಟ್ಟಲಿಲ್ಲ. ಆದರೂ ಹಂದಿ ಬಂದ ಕಾಡಿನಲ್ಲಿ ಹಕ್ಕಿ ಉಳಿಯಲಿಲ್ಲ. ಒಂದು ಕಾಡಿನೊಳಗಿನ ಕಾರ್ಯಕಾರಣಗಳು ಎಷ್ಟು ಸುತ್ತುದಾರಿಯಲ್ಲಿ ಬಂದು ಕೂಡುತ್ತವೆ! ಬೇಲಿ ಹಾಕಿ ಹಂದಿಗಳನ್ನು ಹೊರಗಿಟ್ಟ ಕಾಡುಗಳು ಇಂದು ಹವಾಯಿಯಲ್ಲಿ ಹಲವಿವೆ. ಬೇಲಿಯ ಕೆಲಸ ದುಬಾರಿ. ಆದರೂ ಅದನ್ನು ಬಿಡುವಂತಿಲ್ಲ.

ಶೀತದ ಗೆರೆಯ ಮೇಲೆ ಅಭಯವುಂಟೆಂದೆ. ಆ ಗೆರೆ ಈಗ ಸ್ಥಿರವಾಗಿ ನಿಂತಿಲ್ಲ. ಲೋಕದ ಸೆಕೆ ಏರಿದಂತೆ ಅದೂ ಮೇಲಕ್ಕೆ ಏರುತ್ತಿದೆ. ಇದರ ಪೆಟ್ಟು ಮೊದಲು ಬಿದ್ದುದು ಕವಾಯಿ ದ್ವೀಪಕ್ಕೆ. ಅದರ ಶಿಖರವೇ 1,600 ಮೀಟರ್ ಎಂದು ಆಗಲೇ ಹೇಳಿದೆ. ಹಕ್ಕಿಗಳ ಕಡೆಯ ನೆಲೆಯಾದ ಅಲಕಾಯಿ ಎಂಬ ಪ್ರಸ್ಥಭೂಮಿ ಅದಕ್ಕಿಂತಲೂ ತಗ್ಗು. ಅಲ್ಲಿ 1990ರ ದಶಕಕ್ಕೂ 2010ರ ಆಚೀಚಿನ ವರ್ಷಗಳಿಗೂ ನಡುವೆ ಮಲೇರಿಯಾದ ಪ್ರಮಾಣ ಎರಡರಷ್ಟನ್ನು ಮೀರಿ ಬೆಳೆಯಿತು. ಹಕ್ಕಿ ಇನ್ನೂ ಮೇಲೆ ಹೋಗೋಣವೆಂದರೆ ಮೇಲೆ ಆಕಾಶವಲ್ಲದೆ ಬೆಟ್ಟವಿಲ್ಲ. ಅಕಿಕಿಕಿ ಎಂಬ ಬೂದುಬಿಳುಪಿನ ಪುಟ್ಟ ಹಕ್ಕಿ ಆ ದ್ವೀಪಕ್ಕೇ ಮೀಸಲಾದುದು. 2018ರ ಸುಮಾರಿಗೆ ಐನೂರಕ್ಕೆ ಸ್ವಲ್ಪ ಕಡಮೆಯಿದ್ದ ಅದು, 2023ರ ವೇಳೆಗೆ ಕಾಡಿನಲ್ಲಿ ಬೆರಳೆಣಿಕೆಗೆ ಇಳಿಯಿತು. ಐದು ವರ್ಷದಲ್ಲಿ ಇಷ್ಟು.

ಅದೇ ಅಲಕಾಯಿಯಲ್ಲಿ ಓಓ ಎಂಬ ಇನ್ನೊಂದು ಹಕ್ಕಿಯಿತ್ತು. ಅದು ಮಧುಪಕ್ಷಿಗಳ ವಂಶದ್ದಲ್ಲ. ಹವಾಯಿಗೇ ಮೀಸಲಾದ ಬೇರೊಂದು ಕುಟುಂಬದ ಐದು ಜಾತಿಗಳಲ್ಲಿ ಕಡೆಗೆ ಉಳಿದುದು. ಕೊಳಲಿನ ಧ್ವನಿಯುಳ್ಳ ಆ ಹಕ್ಕಿಯನ್ನು ರೋಗವೂ 1982ರ ಚಂಡಮಾರುತವೂ ಸೇರಿ ಮುಗಿಸಿದವು. ಅದರ ಕೂಗನ್ನು ಕಾಡಿನಲ್ಲಿ ಕಡೆಯ ಸಲ ಕೇಳಿದುದು 1987ರಲ್ಲಿ. ಮುದ್ರಿಸಿಕೊಂಡ ಅದರ ಕೂಗು ಉಳಿದಿದೆ. 2023ರ ಅಕ್ಟೋಬರಿನಲ್ಲಿ ಅಮೆರಿಕದ ಸರ್ಕಾರ ಅದೂ ಸೇರಿದಂತೆ ಹವಾಯಿಯ ಎಂಟು ಹಕ್ಕಿಗಳನ್ನು ಅಳಿದುಹೋದವುಗಳೆಂದು ಅಧಿಕೃತವಾಗಿ ಸಾರಿತು. ಐವತ್ತಕ್ಕೂ ಮಿಕ್ಕಿದ್ದ ಮಧುಪಕ್ಷಿಗಳ ಜಾತಿಗಳಲ್ಲಿ ಇಂದು ಉಳಿದಿರುವುವು ಹದಿನೇಳು.

ಶ್ರೋತೃಗಳೇ, ಇಷ್ಟರವರೆಗೆ ಅಳಿವಿನ ಮಾತನ್ನೇ ಆಡಿದೆ. ಸೊಳ್ಳೆ ಬಂದುದು, ರೋಗಾಣು ಬಂದುದು, ಶೀತದ ಗೆರೆ ಹಕ್ಕಿಗಳನ್ನು ಕಾದುದು, ಆ ಗೆರೆ ಮೇಲಕ್ಕೆ ಸರಿಯುತ್ತಿರುವುದು ಇವನ್ನು ಕೇಳಿದಿರಿ. ಇನ್ನು ಉಳಿವಿನ ಮಾತು.

ಮೊದಲನೆಯದು ಪ್ರಕೃತಿ ತಾನಾಗಿ ಮಾಡಿಕೊಂಡುದು. ಹವಾಯಿಯ ಅತಿ ದೊಡ್ಡ ದ್ವೀಪದ ತಗ್ಗಿನ ಕಾಡಿನಲ್ಲಿ, ರೋಗ ಅತಿಯಾಗಿರುವ ಕಡೆಯಲ್ಲಿಯೇ, ಅಮಾಕಿಹಿ ಎಂಬ ಹಳದಿಹಸುರಿನ ಮಧುಪಕ್ಷಿ ಮತ್ತೆ ಗಣನೀಯ ಸಂಖ್ಯೆಯಲ್ಲಿರುವುದನ್ನು ಈ ಶತಮಾನದ ಆರಂಭದಲ್ಲಿ ಸಂಶೋಧಕರು ಕಂಡರು. ರಕ್ತವನ್ನು ಪರೀಕ್ಷಿಸಿದರೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಿಗೆ ಸೋಂಕು ತಗಲಿತ್ತು. ಆದರೂ ಅವು ಬದುಕಿದ್ದವು, ಗೂಡು ಕಟ್ಟುತ್ತಿದ್ದವು. ಕಲ್ಕತ್ತೆಯ ಗುಬ್ಬಿಯ ವಂಶ ಎಂದೋ ದಾಟಿದ ಹೊಳೆಯನ್ನು ಈ ಹಕ್ಕಿ ನಮ್ಮ ಕಣ್ಣೆದುರಿಗೇ ದಾಟುತ್ತಿದೆ. ಆದರೆ ಇದು ಸಾಧ್ಯವಾಗಬೇಕಾದರೆ ಮೊದಲಿಗೆ ಹಕ್ಕಿಗಳ ಸಂಖ್ಯೆ ಹೇರಳವಾಗಿರಬೇಕು, ಮತ್ತು ಅನೇಕ ತಲೆಮಾರುಗಳಷ್ಟು ಕಾಲ ದೊರೆಯಬೇಕು. ಬೆರಳೆಣಿಕೆಗೆ ಇಳಿದ ಅಕಿಕಿಕಿಗೆ ಇವೆರಡೂ ಇಲ್ಲ. ಈಈವಿಯಲ್ಲಿ ಇಂಥ ಸಹನಶಕ್ತಿ ವ್ಯಾಪಕವಾಗಿ ಕಂಡುಬಂದಿಲ್ಲ.

ಆದುದರಿಂದ ಮನುಷ್ಯನು ಕೈಹಾಕಬೇಕಾಯಿತು. ಕೈಹಾಕಿದಾಗ ಆದ ಒಂದು ದೊಡ್ಡ ನಷ್ಟವನ್ನು ಮರೆಮಾಚದೆ ಹೇಳಬೇಕು. ಕಿವಿಕಿಯು ಎಂಬ, ಗಿಣಿಯ ಬಗೆಯ ದಪ್ಪ ಕೊಕ್ಕಿನ ಮಧುಪಕ್ಷಿ ಮಾವಿ ದ್ವೀಪದಲ್ಲಿ ಮಾತ್ರ ಉಂಟು. 2019ರಲ್ಲಿ ಹದಿನಾಲ್ಕು ಕಿವಿಕಿಯುಗಳನ್ನು, ವರ್ಷಗಳ ಕಾಲ ಸಸಿ ನೆಟ್ಟು ಸಿದ್ಧಪಡಿಸಿದ ಹೊಸದೊಂದು ಕಾಡಿಗೆ ಬಹು ಎಚ್ಚರದಿಂದ ಸಾಗಿಸಿದರು. ಸೊಳ್ಳೆ ಆ ಕಾಡಿಗೂ ಆಗಲೇ ಏರಿಬಿಟ್ಟಿತ್ತು. ಕೆಲವೇ ವಾರಗಳಲ್ಲಿ ಹೆಚ್ಚು ಕಡಮೆ ಎಲ್ಲವೂ ಮಲೇರಿಯಾಕ್ಕೆ ಬಲಿಯಾದವು. ಕಾಡನ್ನು ಬೆಳೆಸಿದರೆ ಸಾಲದು, ಸೊಳ್ಳೆಯನ್ನೇ ತೊಲಗಿಸಬೇಕೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಔಷಧಿಯನ್ನು ಸಿಂಪಡಿಸಿ ಸೊಳ್ಳೆಯನ್ನು ಕೊಲ್ಲುವಂತಿಲ್ಲ. ಮಧುಪಕ್ಷಿಗಳು ತಿನ್ನುವ ಹುಳುಗಳೂ ಅದರೊಡನೆ ಸಾಯುತ್ತವೆ. ಈಗ ಹಿಡಿದಿರುವ ದಾರಿ ಬೇರೆ. ಅನೇಕ ಕೀಟಗಳ ಜೀವಕೋಶದೊಳಗೆ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯ ಸಹಜವಾಗಿಯೇ ವಾಸಿಸುತ್ತದೆ; ಇದನ್ನು ಮೊದಲು ಕಂಡುದು 1924ರಲ್ಲಿ, ಕ್ಯೂಲೆಕ್ಸ್ ಸೊಳ್ಳೆಯಲ್ಲಿಯೇ. ಒಂದು ಬಗೆಯ ವೋಲ್ಬಾಕಿಯಾ ಇರುವ ಗಂಡು, ಬೇರೆ ಬಗೆಯದಿರುವ ಹೆಣ್ಣನ್ನು ಕೂಡಿದರೆ, ಆ ಹೆಣ್ಣು ಇಡುವ ಮೊಟ್ಟೆಗಳು ಒಡೆಯುವುದಿಲ್ಲ. ಹಾಗಾದರೆ, ಹವಾಯಿಯ ಸೊಳ್ಳೆಗಳಲ್ಲಿಲ್ಲದ ಬಗೆಯ ವೋಲ್ಬಾಕಿಯಾ ಉಳ್ಳ ಗಂಡುಸೊಳ್ಳೆಗಳನ್ನು ಸಾಕಿ, ಕಾಡಿನಲ್ಲಿ ಅಪಾರ ಸಂಖ್ಯೆಯಲ್ಲಿ ಬಿಡುತ್ತ ಹೋದರೆ, ಮುಂದಿನ ಪೀಳಿಗೆಯೇ ಹುಟ್ಟದಂತಾಗುತ್ತದೆ. ಗಂಡುಸೊಳ್ಳೆ ಕಚ್ಚುವುದಿಲ್ಲ; ಆದುದರಿಂದ ಅದರಿಂದ ರೋಗ ಹರಡುವ ಭಯವಿಲ್ಲ. ಈ ಉಪಾಯ ತೀರ ಹೊಸದೂ ಅಲ್ಲ. ಜರ್ಮನಿಯ ಹಾನ್ಸ್ ಲಾವೆನ್ ಎಂಬ ವಿಜ್ಞಾನಿ ಬರ್ಮಾದ ರಂಗೂನಿನ ಬಳಿಯ ಓಕ್ಪೋ ಎಂಬ ಹಳ್ಳಿಯಲ್ಲಿ, ಆನೆಕಾಲು ರೋಗವನ್ನು ಹರಡುವ ಇದೇ ಸೊಳ್ಳೆಯನ್ನು ಇದೇ ತತ್ತ್ವದಿಂದ ತೊಡೆದುಹಾಕಿ 1967ರಲ್ಲಿ ಅದನ್ನು ಪ್ರಕಟಿಸಿದ್ದನು. ಅಲ್ಲಿ ಮನುಷ್ಯನ ಹಿತಕ್ಕಾಗಿ ಮಾಡಿದುದನ್ನು ಇಲ್ಲಿ ಹಕ್ಕಿಯ ಹಿತಕ್ಕಾಗಿ ಮಾಡುತ್ತಿದ್ದಾರೆ.

ಮಾವಿ ದ್ವೀಪದ ಹಾಲೆಆಕಲಾ ಪರ್ವತದ ಕಾಡುಗಳಲ್ಲಿ ಈ ಕಾರ್ಯ 2023ರ ನವೆಂಬರಿನಲ್ಲಿ ಆರಂಭವಾಯಿತು. ಅನಂತರ ಕವಾಯಿಗೂ ಹಬ್ಬಿತು. ದಾರಿಯಿಲ್ಲದ ಕಡಿದಾದ ಕಾಡು ಅದು. ಹೆಲಿಕಾಪ್ಟರಿನಿಂದ, ಈಚೆಗೆ ಡ್ರೋನುಗಳಿಂದ, ಮಣ್ಣಿನಲ್ಲಿ ಕರಗಿಹೋಗುವ ಡಬ್ಬಿಗಳಲ್ಲಿ ತುಂಬಿ, ವಾರವಾರವೂ ಲಕ್ಷಗಟ್ಟಲೆ ಗಂಡುಸೊಳ್ಳೆಗಳನ್ನು ಅಲ್ಲಿ ಬಿಡುತ್ತಿದ್ದಾರೆ. ಒಂದೆರಡು ಸಲ ಬಿಟ್ಟು ಸುಮ್ಮನಾಗುವ ಕೆಲಸ ಇದಲ್ಲ. ಬಿಡುವುದನ್ನು ನಿಲ್ಲಿಸಿದರೆ ಕೆಳಗಿನ ಊರುಗಳಿಂದ ಸೊಳ್ಳೆ ಮತ್ತೆ ಮೇಲಕ್ಕೆ ಏರುತ್ತದೆ.

ಈ ನಡುವೆ ಅಕಿಕಿಕಿಯ ಗೂಡುಗಳನ್ನು ಹುಡುಕಿ, ಮರಗಳ ತುದಿಯವರೆಗೆ ಏಣಿ ಹಾಕಿ, ಮೊಟ್ಟೆಗಳನ್ನು ತಂದು, ಕೃತಕ ಕಾವಿನಲ್ಲಿ ಮರಿ ಮಾಡಿಸಿ, ಸೊಳ್ಳೆಪರದೆಯ ಒಳಗಿನ ಪಕ್ಷಿಗೃಹಗಳಲ್ಲಿ ಸಾಕುತ್ತಿದ್ದಾರೆ. ಕಿವಿಕಿಯುಗಳ ಒಂದು ಚಿಕ್ಕ ಗುಂಪೂ ಹಾಗೆಯೇ ಪಾಲನೆಯಲ್ಲಿದೆ. ವಾರ್ನರನ ತೆಳುಬಟ್ಟೆ ಇಂದು ಇಡೀ ಜಾತಿಗಳಿಗೆ ಹೊದಿಕೆಯಾಗಿದೆ. ಪರದೆಯೊಳಗಿನ ಹಕ್ಕಿಗಳನ್ನು ಕಾಡಿಗೆ ಬಿಡುವ ದಿನವನ್ನು ನಿರ್ಣಯಿಸತಕ್ಕುದು ಪಂಚಾಂಗವಲ್ಲ, ಬೆಟ್ಟದ ಮೇಲೆ ಅಲ್ಲಲ್ಲಿ ಇಟ್ಟಿರುವ ಬೋನುಗಳಲ್ಲಿ ಸಿಕ್ಕುವ ಹೆಣ್ಣುಸೊಳ್ಳೆಗಳ ಲೆಕ್ಕ. ಆ ಲೆಕ್ಕವನ್ನು ಹಿಡಿಯುವವರು ಮಳೆಯಲ್ಲಿಯೂ ಮಂಜಿನಲ್ಲಿಯೂ ಆ ಬೋನುಗಳ ಬಳಿಗೆ ಹೋಗಿಬರುತ್ತಿದ್ದಾರೆ.